ಗೊದಮೊಟ್ಟೆ ಬಾಲ ಎಲ್ಲಿ ಹೋಗತ್ತೆ?

ಪ್ರಶ್ನೆ: ನಮ್ಮ ಮೈಯಲ್ಲಿರೋ ಜೀವಕೋಶಗಳು ತಾವಾಗೇ ಸಾಯ್ತವೆ ಅಂತ ಓದ್ದೆ. ಪೆಟ್ಟಿಲ್ಲ, ರೋಗ ಇಲ್ಲ, ಮತ್ಯಾಕೆ ಸಾಯ್ಬೇಕು? ನಮಗೆ ಸಾವು ಬರೋದೂ ಇದರಿಂದಾನೇನಾ?

ಉತ್ತರ: ಅವು ಸಾಯ್ಲೇಬೇಕು, ಸಾಯದಿದ್ರೇನೇ ತಾಪತ್ರಯ. ಮಳೆಗಾಲದಲ್ಲಿ ಹೊಂಡದಲ್ಲಿ ಗೊದಮೊಟ್ಟೆ ನೋಡಿರ್ತೀರಲ್ಲ, ಅದು ಕಪ್ಪೆ ಆಗೋವಾಗ ಬಾಲ ಉದುರಿ ಬೀಳಲ್ಲ, ಥೈರಾಯ್ಡ್ ಹಾರ್ಮೋನ್ ಏರ್ತಿದ್ದ ಹಾಗೆ ಬಾಲದ ಕೋಶಗಳಿಗೆ ಸಾಯೋ ಆರ್ಡರ್ ಹೋಗತ್ತೆ, ತಮಾಷೆ ಅಂದ್ರೆ ಅದೇ ಹಾರ್ಮೋನು ಕಾಲಿನ ಕೋಶಗಳಿಗೆ ಬೆಳೀರಿ ಅನ್ನತ್ತೆ! ಬಾಲ ಒಳಗೊಳಗೇ ಕರಗಿ ಅದರ ಸತ್ವ ಮೈಗೇ ಸೇರತ್ತೆ. ಹೊಟ್ಟೇಲಿರೋ ಮಗುವಿನ ಬೆರಳುಗಳ ಮಧ್ಯದ ಪೊರೆ ಹೋಗೋದೂ ಹೀಗೇ.

ಇದಕ್ಕೆ ಅಪೊಪ್ಟೋಸಿಸ್ ಅಂತ 1972ರಲ್ಲಿ ಕೆರ್, ವೈಲಿ, ಕರಿ ಅನ್ನೋ ಮೂವರು ಹೆಸರಿಟ್ರು. ಗಾಯ ಆಗಿ ಸಾಯೋ ಕೋಶ ಊದ್ಕೊಂಡು ಒಡೆದು ಸುತ್ತಲೂ ಉರಿಯೂತ ಎಬ್ಸತ್ತೆ, ಇದು ಹಾಗಲ್ಲ, ಕುಗ್ಗಿ, ತನ್ನ ಡಿಎನ್ಎ ತಾನೇ ತುಂಡು ಮಾಡ್ಕೊಂಡು, ಸಣ್ಣ ಸಣ್ಣ ಗುಳ್ಳೆ ಆಗಿಬಿಡತ್ತೆ, ಅಕ್ಕಪಕ್ಕದವು ನುಂಗಿ ಹಾಕ್ತವೆ. ಗಲಾಟೆನೇ ಇಲ್ಲ. ಸಿ. ಎಲಿಗನ್ಸ್ ಅಂತ ಒಂದು ಮಿಲಿಮೀಟರ್ ಹುಳ ಇದೆ, ಅದರ ದ್ವಿಲಿಂಗಿ ಹುಳದಲ್ಲಿ ಬೆಳವಣಿಗೆ ಹೊತ್ತಿಗೆ ಹುಟ್ಟೋ 1090 ದೇಹಕೋಶದಲ್ಲಿ ಸರಿಯಾಗಿ 131 ಸಾಯ್ತವೆ, ಯಾವ ಹುಳ ತಗೊಂಡ್ರೂ ಅವೇ 131. ಇದನ್ನ ಬಿಡಿಸಿದ ಬ್ರೆನ್ನರ್, ಹಾರ್ವಿಟ್ಜ್, ಸಲ್ಸ್ಟನ್‌ಗೆ 2002ರಲ್ಲಿ ನೊಬೆಲ್ ಬಂತು.

ಗಿಡಗಳಲ್ಲೂ ಉಂಟು. ಭತ್ತದ ಬೇರಲ್ಲಿ ಕೆಲವು ಕೋಶ ಸತ್ತು ಜಾಗ ಬಿಟ್ಟು ಗಾಳಿ ಓಡಾಡೋ ದಾರಿ ಆಗತ್ತೆ, ನೀರು ನಿಂತ ಗದ್ದೇಲೂ ಬೇರಿಗೆ ಆಕ್ಸಿಜನ್ ಸಿಗೋದು ಅದ್ರಿಂದ. ಅಷ್ಟೇ ಯಾಕೆ, ವೈರಸ್ ಹೊಕ್ಕ ಕೆಲವು ಬ್ಯಾಕ್ಟೀರಿಯಾ ಕೂಡ ಆ ವೈರಸ್ ಮರಿ ಹಾಕೋ ಮೊದ್ಲೇ ತಾವೇ ಸತ್ತು ಪಕ್ಕದವನ್ನ ಉಳಿಸ್ತವೆ.

ಇನ್ನು ನಮ್ಮ ಸಾವು. ಅದು ಬೇರೆ ಲೆಕ್ಕ, ಎರಡನ್ನೂ ಕಲೆಸ್ಬೇಡಿ. ಸಾಯೋ ಆರ್ಡರ್ ಬಂದ್ರೂ ಸಾಯದೆ ಹೆಚ್ಚುತ್ತಲೇ ಹೋಗೋ ಕೋಶ ಕ್ಯಾನ್ಸರ್‌ಗೆ ದಾರಿ ಮಾಡತ್ತೆ. ಮುದಿತನದಲ್ಲಿ ಡಿಎನ್ಎ ಹಾನಿ, ರಿಪೇರಿ ಸೋಲೋದು, ಹೀಗೆ ಎಷ್ಟೋ ಸೇರ್ಕೊಂಡಿರತ್ತೆ.

ಪ್ರಶ್ನೆ: ಬಿದಿರು ಹೂ ಬಿಟ್ರೆ ಇಡೀ ಮೆಳೆನೇ ಸಾಯತ್ತಲ್ಲ, ಅದೂ ಹೀಗೇನಾ?

ಉತ್ತರ: ಹತ್ತಿರದ್ದೇ, ಆದ್ರೆ ಇಲ್ಲಿ ಪೂರ್ತಿ ಗಿಡದ್ದೇ ಸಾವು. ಹೆಬ್ಬಿದಿರು ಸುಮಾರು 40 ವರ್ಷದ ಆಸುಪಾಸು ಸುಮ್ನಿದ್ದು ಒಂದೇ ಸಲ ಹೂ ಬಿಟ್ಟು, ಇದ್ದಬದ್ದ ಶಕ್ತಿನೆಲ್ಲ ಬಿದಿರಕ್ಕಿಗೆ ಸುರಿದು ಒಣಗತ್ತೆ. ಬಾಳೆಯಲ್ಲೂ ಗೊನೆ ಬಿಟ್ಟ ದಿಂಡು ಸಾಯತ್ತೆ, ಆದ್ರೆ ಪಕ್ಕದಲ್ಲಿ ಕಂದು ಎದ್ದಿರತ್ತೆ, ಬಿದಿರು ಮಾತ್ರ ಬೀಜದಿಂದಾನೇ ಮತ್ತೆ ಶುರು ಆಗ್ಬೇಕು.