ಒಡ್ಡೋಲಗವಾಯಿತು, ಪ್ರಸಂಗವೆಲ್ಲಿ?

ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯ ಚಿತ್ರವಿಮರ್ಶೆಯನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಸ್ಥಳಾಭಾವದಿಂದ ಅದನ್ನು ಇಡಿಯಾಗಿ ಅಚ್ಚು ಹಾಕಲಾಗುತ್ತಿಲ್ಲವಾದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ಹಾಲಿವುಡ್ಡಿನ ಸೂಪರ್‌ಹೀರೋ ಮತ್ತು ಫ್ಯಾಂಟಸಿ ಸರಣಿಗಳು ಇತ್ತೀಚೆಗೆ ಕೆಟ್ಟಿರುವುದಕ್ಕೆ ಹೆಣ್ಣನ್ನು ಹಟಕ್ಕೆ ಬಿದ್ದು ನಾಯಕಿಯ ಪಟ್ಟಕ್ಕೆ ಏರಿಸಿದ್ದೇ ಕಾರಣ ಎನ್ನುತ್ತೀರಿ. ‘ಏಲಿಯನ್’ ಚಿತ್ರಗಳ ರಿಪ್ಲಿ, ‘ಟರ್ಮಿನೇಟರ್’ ಚಿತ್ರಗಳ ಸಾರಾ ಕಾನರ್ ಅವರ ಕಾಲದಲ್ಲಿ ಅಂಥ ಪಾತ್ರಗಳು ಸಹಜವಾಗಿ ಹುಟ್ಟುತ್ತಿದ್ದವು, ಈಗಿನವರೆಲ್ಲ ಸೋಲೆಂದರೇನೆಂದೇ ಅರಿಯದ ‘ಮೇರಿ ಸ್ಯೂ’ಗಳು, ನಮ್ಮ ಪತ್ರಿಕೆಯೂ ಅವರನ್ನು ಹೊಗಳಿ ಗಾಳಿ ಬಂದಾಗ ತೂರಿಕೊಳ್ಳುತ್ತಿದೆ ಎಂಬುದು ತಮ್ಮ ಆಕ್ಷೇಪ. ಪತ್ರದ ಕೊನೆಯಲ್ಲಿ, ರಜೆಗೆ ಬರಲಿರುವ ಹನ್ನೆರಡು ವರ್ಷದ ಮೊಮ್ಮಗಳಿಗೆ ಇಂಥವುಗಳಲ್ಲಿ ಯಾವುದನ್ನು ತೋರಿಸಬಹುದು ಎಂದೂ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ತಮ್ಮ ಪತ್ರ ಬಂದ ಮೇಲೆ ಆ ವಿಮರ್ಶೆಯನ್ನು ತೆಗೆದು ಮತ್ತೆ ಓದಿದೆ. ಒಂದೂವರೆ ಪುಟದ ಬರಹದಲ್ಲಿ ‘ಗಟ್ಟಿಗಿತ್ತಿ’ ಎಂಬ ಮಾತು ಮೂರು ಸಲ ಬಂದಿದೆ. ಆ ನಾಯಕಿ ಏನನ್ನು ಬಯಸಿದಳು, ಅದಕ್ಕಾಗಿ ಏನನ್ನು ಕೈಬಿಟ್ಟಳು ಎಂಬುದು ಒಂದು ಸಲವೂ ಬಂದಿಲ್ಲ. ಕರಡು ತಿದ್ದಿದವನು ನಾನೇ ಆದ್ದರಿಂದ ವಿಮರ್ಶಕರನ್ನು ದೂರುವ ಹಾಗಿಲ್ಲ.

ಆದರೆ ಆ ಮಾತನ್ನೇ ಹಿಡಿದು ಸ್ವಲ್ಪ ಯೋಚಿಸಿದರೆ ತಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನಮ್ಮ ಊರುಗಳಲ್ಲಿ ದಿಬ್ಬಣದಿಂದ ಈಗತಾನೇ ಇಳಿದ ಮದುಮಗಳನ್ನು, ಅವಳು ಎಷ್ಟೇ ಆಳು ಗಟ್ಟಿಯಾಗಿದ್ದರೂ, ಯಾರೂ ಗಟ್ಟಿಗಿತ್ತಿ ಎನ್ನುವುದಿಲ್ಲ. ಗಂಡ ತೀರಿಕೊಂಡ ಮೇಲೆ ಸೊಸೈಟಿ ಸಾಲ ತೀರಿಸಿ, ದಾಯಾದಿಗಳ ಕಣ್ಣಿನಿಂದ ಗದ್ದೆ ಉಳಿಸಿಕೊಂಡು, ಮಕ್ಕಳನ್ನು ದಡ ಸೇರಿಸಿದವಳನ್ನು ನೋಡಿ, ಹದಿನೈದು ವರ್ಷ ಕಳೆದ ಮೇಲೆ, ಯಾರೋ ಜಗಲಿಯ ಮೇಲೆ ಕೂತು ಆ ಮಾತನ್ನು ಆಡುತ್ತಾರೆ. ಅದು ನಡೆದದ್ದನ್ನು ಕಂಡವರು ಆಮೇಲೆ ಕೊಡುವ ಮಾತು. ತಾವು ದೂರುವ ಚಿತ್ರಗಳು ಮಾಡುವುದು ಇದರ ತಿರುಗುಮುರುಗು: ನಾಯಕಿ ತೆರೆಗೆ ಬಂದ ಮೊದಲ ಹತ್ತು ನಿಮಿಷದಲ್ಲೇ ನಾಲ್ಕು ಜನರನ್ನು ಕೆಡವುತ್ತಾಳೆ, ಒಬ್ಬ ಗಂಡಸಿಗೆ ಚುರುಕಾದ ಉತ್ತರ ಕೊಡುತ್ತಾಳೆ, ಗಟ್ಟಿಗಿತ್ತಿಯ ಬಿರುದು ಅಲ್ಲೇ ಕೈಸೇರುತ್ತದೆ. ಮುಂದಿನ ಎರಡು ಗಂಟೆ ಅವಳು ಏನನ್ನೂ ಗಳಿಸಬೇಕಾಗಿಲ್ಲ. ಯಕ್ಷಗಾನದ ಪರಿಚಯವಿದ್ದವರು ಇದನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ: ಒಡ್ಡೋಲಗ (ಪಾತ್ರದ ಅಬ್ಬರದ ಮೊದಲ ಪ್ರವೇಶ) ಭರ್ಜರಿಯಾಗಿದೆ, ಪ್ರಸಂಗವೇ (ಆಡಬೇಕಾದ ಕಥೆಯೇ) ಇಲ್ಲ.

ತಾವು ಮೆಚ್ಚಿದ ಎರಡು ಪಾತ್ರಗಳನ್ನೇ ಹತ್ತಿರದಿಂದ ನೋಡೋಣ. 1986ರ ‘ಏಲಿಯೆನ್ಸ್’ ಚಿತ್ರದಲ್ಲಿ ಐವತ್ತೇಳು ವರ್ಷಗಳ ನಿದ್ದೆಯಿಂದ ಎದ್ದ ರಿಪ್ಲಿ ಅನ್ಯಗ್ರಹದ ಪ್ರಾಣಿಯ ಬಗ್ಗೆ ಹೇಳುವ ಮಾತನ್ನು ಕಂಪನಿಯ ವಿಚಾರಣೆಯಲ್ಲಿ ಯಾರೂ ನಂಬುವುದಿಲ್ಲ. ನೌಕೆ ನಡೆಸುವ ಅವಳ ಪರವಾನಗಿ ಹೋಗುತ್ತದೆ. ಸರಕು ಕಟ್ಟೆಯಲ್ಲಿ ಲೋಡರ್ ಯಂತ್ರ ಓಡಿಸುವ ಕೆಲಸಕ್ಕೆ ಸೇರುತ್ತಾಳೆ. ಆಮೇಲೆ ಸೈನಿಕರ ಜೊತೆ ಹೊರಟಾಗ, ಸುಮ್ಮನೆ ಕೂರಲಾಗದೆ ಸಾರ್ಜೆಂಟನ ಬಳಿ ಹೋಗಿ ತನಗೂ ಏನಾದರೂ ಕೆಲಸ ಕೊಡಿ ಎನ್ನುತ್ತಾಳೆ. ಆತ ಅನುಮಾನದಿಂದಲೇ ಒಪ್ಪಿಕೊಂಡಾಗ ಆ ದೊಡ್ಡ ಯಂತ್ರದೊಳಗೆ ನಿಂತು ಪೆಟ್ಟಿಗೆಯೊಂದನ್ನು ಎತ್ತಿ, ಇದನ್ನು ಎಲ್ಲಿಡಲಿ ಎಂದು ಕೇಳುತ್ತಾಳೆ, ಸೈನಿಕರು ನಗುತ್ತಾರೆ. ಕೊನೆಯ ಕಾಳಗದಲ್ಲಿ ರಾಣಿಪ್ರಾಣಿಯೆದುರು ಅದೇ ಯಂತ್ರವನ್ನು ಹೊಕ್ಕು ಬಂದಾಗ ನಮಗೆ ಅಚ್ಚರಿಯಾಗದೆ ರೋಮಾಂಚನವಾಗುವುದಕ್ಕೆ ಕಾರಣ ಇಷ್ಟೇ: ಅವಳ ಮರ್ಯಾದೆ ಕಳೆದ ಕೂಲಿಯೇ ಅಲ್ಲಿ ಅವಳಿಗೆ ಆಯುಧವಾಗಿ ಒದಗುತ್ತದೆ. ನಿದ್ದೆಯಲ್ಲಿದ್ದಾಗ ಅವಳ ಮಗಳು ಮುದುಕಿಯಾಗಿ ತೀರಿಕೊಂಡಿದ್ದಳೆಂಬ ದೃಶ್ಯವನ್ನು ಚಿತ್ರಮಂದಿರದ ಆವೃತ್ತಿಯಿಂದ ಕತ್ತರಿಸಲಾಗಿತ್ತು. ಮುಂದೆ ವಿಸ್ತೃತ ಆವೃತ್ತಿಯಲ್ಲಿ ಸೇರಿತು. ಅದಿಲ್ಲದೆಯೂ ಪಾತ್ರ ನಿಲ್ಲುತ್ತದೆ ಎಂಬುದು ಬರವಣಿಗೆಯ ಗಟ್ಟಿತನಕ್ಕೆ ಸಾಕ್ಷಿ.

ಸಾರಾ ಕಾನರ್‌ಳನ್ನು ಎಲ್ಲರೂ 1991ರ ಎರಡನೆಯ ‘ಟರ್ಮಿನೇಟರ್’ನಲ್ಲಿ ಮಂಚದ ಚೌಕಟ್ಟಿಗೆ ಜೋತುಬಿದ್ದು ಕಸರತ್ತು ಮಾಡುವ ದೃಶ್ಯದಿಂದ ನೆನೆಯುತ್ತಾರೆ. ನನಗೆ ನೆನಪಾಗುವುದು ಇನ್ನೊಂದು. ಮುಂದಿನ ಸರ್ವನಾಶಕ್ಕೆ ಕಾರಣನಾಗಲಿರುವ ಎಂಜಿನಿಯರ್ ಡೈಸನ್‌ನನ್ನು ಕೊಲ್ಲಲು ಅವಳು ರಾತ್ರಿ ಅವನ ಮನೆಯ ಹೊರಗೆ ಬಂದೂಕು ಹಿಡಿದು ಕಾದಿರುತ್ತಾಳೆ. ಮಗುವಿನ ಆಟದ ಗಾಡಿ ಕಾಲಿಗೆ ಬಡಿದು ಅವನು ಬಗ್ಗಿದ್ದರಿಂದ ಗುಂಡು ತಪ್ಪುತ್ತದೆ. ಒಳನುಗ್ಗಿ, ಹೆಂಡತಿ ಮಗುವಿನೆದುರು ಗುರಿಯಿಟ್ಟು ನಿಂತವಳಿಗೆ ಬಂದೂಕಿನ ಕುದುರೆ ಎಳೆಯಲಾಗುವುದಿಲ್ಲ. ಹಿಂದೆ ಸರಿದು ಗೋಡೆಗೊರಗಿ ಕುಸಿಯುತ್ತಾಳೆ. ಯಂತ್ರಮಾನವನಿಂದ ತಪ್ಪಿಸಿಕೊಳ್ಳಲು ತಾನೇ ಯಂತ್ರವಾಗಿಬಿಟ್ಟವಳು ತನ್ನನ್ನು ತಾನು ಕಂಡುಕೊಳ್ಳುವ ಗಳಿಗೆ ಅದು. ಅವಳ ತೋಳಿನ ಸ್ನಾಯುಗಳನ್ನು ಆಮೇಲೆ ಬಂದ ಎಷ್ಟೋ ಚಿತ್ರಗಳು ನಕಲು ಮಾಡಿದವು. ಈ ಕುಸಿತವನ್ನು ನಕಲು ಮಾಡಲು ಹೋದವರು ಕಡಿಮೆ.

ಇಲ್ಲಿಯವರೆಗೆ ತಾವೂ ನಾನೂ ಒಂದೇ ದೋಣಿಯಲ್ಲಿದ್ದೇವೆ. ಆದರೆ ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂಬ ಮಾತನ್ನು ಒಪ್ಪಲಾರೆ. 1984ರ ‘ಸೂಪರ್‌ಗರ್ಲ್’, 2004ರ ‘ಕ್ಯಾಟ್‌ವುಮನ್’, 2005ರ ‘ಎಲೆಕ್ಟ್ರಾ’ಗಳನ್ನು ತಾವು ನೋಡಿರಲಿಕ್ಕಿಲ್ಲ, ನೋಡಿದ್ದರೂ ಮರೆತಿರುತ್ತೀರಿ, ಕಾಲವೆಂಬ ಮೊರ ಜಳ್ಳನ್ನು ಹಾರಿಸಿ ಕಾಳನ್ನಷ್ಟೇ ಉಳಿಸಿದೆ. (‘ಕ್ಯಾಟ್‌ವುಮನ್’ಗೆ ಸಿಕ್ಕ ಅತಿ ಕೆಟ್ಟ ನಟಿ ಪ್ರಶಸ್ತಿಯನ್ನು ಹ್ಯಾಲಿ ಬೆರಿ ಖುದ್ದಾಗಿ ಹೋಗಿ, ಮೊದಲು ಗೆದ್ದಿದ್ದ ಆಸ್ಕರ್ ಪ್ರತಿಮೆಯನ್ನು ಇನ್ನೊಂದು ಕೈಯಲ್ಲಿ ಹಿಡಿದೇ ಸ್ವೀಕರಿಸಿದರು. ಆ ಇಡೀ ಚಿತ್ರಕ್ಕಿಂತ ಆ ಒಂದು ದೃಶ್ಯದಲ್ಲಿ ಹೆಚ್ಚು ಗಟ್ಟಿತನವಿತ್ತು.)

ರಿಪ್ಲಿ ‘ಸಹಜವಾಗಿ’ ಹುಟ್ಟಿದವಳೂ ಅಲ್ಲ. 1979ರ ಮೊದಲ ‘ಏಲಿಯನ್’ ಚಿತ್ರಕಥೆಯಲ್ಲಿ ಪಾತ್ರಗಳು ಗಂಡೋ ಹೆಣ್ಣೋ ಎಂಬುದನ್ನು ನಿಗದಿ ಮಾಡಿರಲಿಲ್ಲ. ಯಾವ ಪಾತ್ರವನ್ನು ಯಾರು ಬೇಕಾದರೂ ವಹಿಸಬಹುದೆಂಬ ಟಿಪ್ಪಣಿಯೇ ಅದರಲ್ಲಿತ್ತು. ಬದುಕುಳಿಯುವ ಆ ಪಾತ್ರವನ್ನು ಹೆಣ್ಣಿಗೆ ಕೊಡೋಣ ಎಂಬುದು ಯಾರೋ ಕುಳಿತು ಯೋಚಿಸಿ ತೆಗೆದುಕೊಂಡ ತೀರ್ಮಾನ. ಇಂದು ಅಂಥದೇ ತೀರ್ಮಾನಕ್ಕೆ ತಾವು ಹಟ ಎಂಬ ಹೆಸರಿಟ್ಟಿದ್ದೀರಿ.

‘ಮೇರಿ ಸ್ಯೂ’ ಎಂಬ ಬೈಗುಳದ ಮೂಲವೂ ತಿಳಿದಿರಲಿ. 1973ರಲ್ಲಿ ಪೌಲಾ ಸ್ಮಿತ್ ಎಂಬವರು ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಅಭಿಮಾನಿಗಳ ಪುಟ್ಟ ಪತ್ರಿಕೆಯೊಂದರಲ್ಲಿ ಅಣಕುಕಥೆ ಬರೆದರು. ಅದರ ನಾಯಕಿ ಹದಿನೈದೂವರೆ ವರ್ಷಕ್ಕೇ ಲೆಫ್ಟಿನೆಂಟ್ ಆದ ಸರ್ವಗುಣಸಂಪನ್ನೆ ಮೇರಿ ಸ್ಯೂ. ಗೇಲಿಯ ಗುರಿ ಹೆಣ್ಣಾಗಿರಲಿಲ್ಲ, ತಾನು ಸೃಷ್ಟಿಸಿದ ಪಾತ್ರವನ್ನು ತಾನೇ ಮುದ್ದು ಮಾಡಿ ಕೆಡಿಸುವ ಬರಹಗಾರರ ಚಟವಾಗಿತ್ತು. ಅದೇ ಅಳತೆಗೋಲನ್ನು ನಮ್ಮ ಮಾಸ್ ಚಿತ್ರಗಳ ನಾಯಕರಿಗೂ ಹಿಡಿಯಿರಿ: ನೂರು ಜನ ಮುತ್ತಿದರೂ ಅಂಗಿಯ ಇಸ್ತ್ರಿ ಮಾಸದವರಿಗೆ ನಾವು ಶಿಳ್ಳೆ ಹೊಡೆಯುತ್ತೇವೆ. ನಾನೂ ಹೊಡೆದಿದ್ದೇನೆ.

ಇನ್ನು, ಹೆಣ್ಣನ್ನು ಮುಂದಿಟ್ಟಿದ್ದಕ್ಕೆ ಜನ ದೂರವಾದರು ಎಂಬ ವಾದ. 2017ರ ‘ವಂಡರ್ ವುಮನ್’ ಜಗತ್ತಿನಾದ್ಯಂತ 80 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2019ರ ‘ಕ್ಯಾಪ್ಟನ್ ಮಾರ್ವೆಲ್’ 110 ಕೋಟಿ ದಾಟಿತು. ಅದೇ ನಾಯಕಿಯ ಮುಂದಿನ ಚಿತ್ರ ‘ದಿ ಮಾರ್ವೆಲ್ಸ್’ 2023ರಲ್ಲಿ ಸುಮಾರು 20 ಕೋಟಿಗೆ ನಿಂತುಹೋಯಿತು. ನಾಲ್ಕು ವರ್ಷದಲ್ಲಿ ನಾಯಕಿ ಬದಲಾಗಿರಲಿಲ್ಲ. ಆದರೆ ಈ ಚಿತ್ರ ಅರ್ಥವಾಗಬೇಕಾದರೆ ಹಿಂದಿನ ಚಿತ್ರದ ಜೊತೆಗೆ ಎರಡು ಬೇರೆ ವೆಬ್ ಸರಣಿಗಳ ನೆನಪೂ ಬೇಕಿತ್ತು, ಮೂವರು ನಾಯಕಿಯರ ಕಥೆಯನ್ನು 105 ನಿಮಿಷದಲ್ಲಿ ತುರುಕಲಾಗಿತ್ತು. ಅದೇ ವರ್ಷ ಗಂಡು ನಾಯಕನ ‘ದಿ ಫ್ಲ್ಯಾಷ್’ ಕೂಡ ಹಾಕಿದ ಬಂಡವಾಳಕ್ಕೆ ತಕ್ಕ ಗಳಿಕೆ ಕಾಣದೆ ಮುಗ್ಗರಿಸಿತು. ಬಿಡುಗಡೆಯ ದಿನ ಮೊದಲು ಗೊತ್ತಾಗಿ ಕಥೆ ಆಮೇಲೆ ಒದಗಬೇಕಾದ ವ್ಯವಸ್ಥೆಯಲ್ಲಿ ಹೊಡೆತ ಬೀಳುವುದು ಎಲ್ಲರಿಗೂ. ಹೆಣ್ಣುಪಾತ್ರಗಳ ಮೇಲೆ ಅದು ಎದ್ದು ಕಾಣುತ್ತದೆ, ಏಕೆಂದರೆ ಪ್ರಚಾರದ ಭಾರವನ್ನೆಲ್ಲ ಅವರ ತಲೆಯ ಮೇಲೆ ಹೊರಿಸಿರುತ್ತಾರೆ.

ನನ್ನ ಮಾತಿಗೆ ಅತ್ಯಂತ ಒಪ್ಪುವ ನಿದರ್ಶನ ಜೇನ್ ಫೋಸ್ಟರ್. 2014ರಲ್ಲಿ ಮಾರ್ವೆಲ್ ಕಾಮಿಕ್ಸಿನಲ್ಲಿ ಜೇಸನ್ ಆರನ್ ಬರೆದು ರಸೆಲ್ ಡಾಟರ್‌ಮನ್ ಚಿತ್ರಿಸಿದ ಕಥೆಯಲ್ಲಿ ಗುಡುಗಿನ ದೇವರು ಥಾರ್‌ನ ಸುತ್ತಿಗೆ ಒಬ್ಬ ಹೆಂಗಸಿನ ಕೈಸೇರುತ್ತದೆ. ಆಗಲೂ ತಮ್ಮಂತೆಯೇ ಹಲವರು ಮುನಿಸಿಕೊಂಡಿದ್ದರು. ಕೆಲವು ತಿಂಗಳ ಬಳಿಕ ಆಕೆ ಸ್ತನ ಕ್ಯಾನ್ಸರಿನಿಂದ ನರಳುತ್ತಿರುವ, ಥಾರ್‌ನ ಹಳೆಯ ಪ್ರೇಯಸಿ ಜೇನ್ ಎಂಬುದು ಬಯಲಾಯಿತು. ಅವಳು ಸುತ್ತಿಗೆ ಎತ್ತಿದಾಗಲೆಲ್ಲ ದೇವತೆಯಾಗುತ್ತಾಳೆ. ಆ ಮಾಂತ್ರಿಕ ಶಕ್ತಿ ದೇಹದಲ್ಲಿರುವ ವಿಷವನ್ನೆಲ್ಲ ಹೊರಹಾಕುತ್ತದೆ. ಆದರೆ ಕೀಮೋಥೆರಪಿಯ ಔಷಧವೂ ಅದರ ಲೆಕ್ಕದಲ್ಲಿ ವಿಷವೇ. ಮಿಂಚು ಗುಡುಗಿನ ರಾಣಿಯಾಗಿ ಯಾರನ್ನೋ ಉಳಿಸಿ ಬಂದವಳು ಮತ್ತೆ ಆಸ್ಪತ್ರೆಯ ಕುರ್ಚಿಯಲ್ಲಿ ಚಿಕಿತ್ಸೆಯನ್ನು ಮೊದಲಿನಿಂದ ಶುರುಮಾಡಬೇಕು. ಪ್ರತಿಯೊಂದು ಗೆಲುವಿಗೂ ಇಷ್ಟು ದಿನದ ಆಯುಸ್ಸು ಎಂಬ ಬೆಲೆಚೀಟಿ ಅಂಟಿದೆ. ಇನ್ನೊಮ್ಮೆ ಎತ್ತಿದರೆ ಸಾವು ಖಚಿತವೆಂದು ತಿಳಿದೂ 2018ರ ಸಂಚಿಕೆಯಲ್ಲಿ ಅವಳು ಸುತ್ತಿಗೆ ಎತ್ತುತ್ತಾಳೆ. ಸಿಟ್ಟಾಗಿದ್ದ ಓದುಗರಲ್ಲಿ ಅನೇಕರು ಅಷ್ಟು ಹೊತ್ತಿಗೆ ಅವಳ ಕಡೆಯವರಾಗಿದ್ದರೆ ಆಶ್ಚರ್ಯವಿಲ್ಲ, ನಾನಂತೂ ಆಗಿದ್ದೆ.

2022ರ ‘ಥಾರ್: ಲವ್ ಆ್ಯಂಡ್ ಥಂಡರ್’ ಚಿತ್ರ ಇದೇ ಎಳೆಯನ್ನು ತೆಗೆದುಕೊಂಡಿತು. ನಟಾಲಿ ಪೋರ್ಟ್‌ಮನ್ ಅವರಂಥ ನಟಿ ಇದ್ದರು, ಪಾತ್ರಕ್ಕಾಗಿ ತೋಳು ದಪ್ಪ ಮಾಡಿಕೊಂಡಿದ್ದರು. ಆದರೆ ಅವಳು ಮೊದಲ ಸಲ ಸುತ್ತಿಗೆಯನ್ನು ಕೈಗೆತ್ತಿಕೊಳ್ಳುವ ಗಳಿಗೆಯೇ ತೆರೆಯ ಮೇಲಿಲ್ಲ. ನಾವು ಅವಳನ್ನು ಯೋಧೆಯಾಗಿ ಕಾಣುವುದು ಥಾರ್‌ನ ಬೆರಗಿನ ಕಣ್ಣಿನಿಂದ. ಆಮೇಲೆ ಹೋರಾಟಕ್ಕೆ ಮುನ್ನ ಹೇಳಬೇಕಾದ ಘೋಷವಾಕ್ಯ ಯಾವುದಿರಲಿ ಎಂಬ ತಮಾಷೆ, ನಡುನಡುವೆ ಕಿರುಚುವ ಎರಡು ಮೇಕೆಗಳು. ಸುತ್ತಿಗೆ ಅವಳ ಜೀವವನ್ನೇ ಹೀರುತ್ತಿದೆ ಎಂಬ ಸಂಗತಿಗೆ ತೂಕ ಬರುವ ಹೊತ್ತಿಗೆ ಚಿತ್ರ ಮುಗಿಯಲು ಬಂದಿರುತ್ತದೆ. ನಾಲ್ಕು ವರ್ಷ ಹರಿದ ಕಥೆಯನ್ನು ಎರಡು ಗಂಟೆಯಲ್ಲಿ ಹೇಳುವ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮೇಕೆಗಳಿಗೆ ಸಿಕ್ಕ ಸಮಯವಾದರೂ ಅವಳಿಗೆ ಸಿಕ್ಕಿದ್ದರೆ? ಒಂದೇ ಹೆಸರು, ಒಂದೇ ರೋಗ, ಒಂದೇ ಸುತ್ತಿಗೆ. ನಾಯಕಿ ಹೆಣ್ಣೆಂಬುದೇ ದೋಷವಾಗಿದ್ದರೆ ಕಾಮಿಕ್ಸೂ ಸೋಲಬೇಕಿತ್ತು.

‘ಗೇಮ್ ಆಫ್ ಥ್ರೋನ್ಸ್’ ಎಂಬ ಫ್ಯಾಂಟಸಿ ಟಿವಿ ಸರಣಿಯಲ್ಲಿ ರಾಣಿ ಡೆನೆರಿಸ್‌ಳ ಕೊನೆಯ ತಿರುವು ಹಠಾತ್ತಾಗಿ ಬಂತು, ಹುಡುಗಿ ಆರ್ಯಾ ಇನ್ನೊಬ್ಬ ಮೇರಿ ಸ್ಯೂ ಎಂದು ತಾವು ಬರೆದಿರುವುದರಲ್ಲಿ ಅರ್ಧ ಸರಿ. ಶರಣಾಗತಿಯ ಗಂಟೆ ಮೊಳಗಿದ ಮೇಲೂ ಡೆನೆರಿಸ್ ನಗರವನ್ನು ಸುಡುವುದು ಆಕಾಶದಿಂದ ಉದುರಿದ್ದೇನಲ್ಲ. ಶತ್ರುಗಳನ್ನು ಶಿಲುಬೆಗೇರಿಸಿದ್ದು, ಸೆರೆಸಿಕ್ಕವರನ್ನು ಬೆಂಕಿಗೆ ಕೊಟ್ಟದ್ದು ಎಲ್ಲವೂ ಹಿಂದೆ ನಡೆದಿತ್ತು. ಆದರೆ ಮೊದಲ ಆರು ಸೀಸನ್‌ಗಳಿಗೆ ಹತ್ತು ಹತ್ತು ಕಂತು ಕೊಟ್ಟವರು ಏಳನೆಯದಕ್ಕೆ ಏಳು, ಕೊನೆಯದಕ್ಕೆ ಆರು ಕೊಟ್ಟರು. ಅವಳು ಒಂಟಿಯಾಗುವುದನ್ನು ನಾವು ಜೊತೆಗೆ ನಡೆದು ನೋಡಬೇಕಿತ್ತು, ಓಡುತ್ತಾ ನೋಡಿದೆವು. ಆರ್ಯಾಳ ವಿಷಯದಲ್ಲಿ ಮಾತ್ರ ತಾವು ಅನ್ಯಾಯ ಮಾಡಿದ್ದೀರಿ. ಸತ್ತವರ ಸೈನ್ಯದ ಒಡೆಯ ನೈಟ್ ಕಿಂಗ್ ಕತ್ತು ಹಿಡಿದಾಗ ಕಠಾರಿಯನ್ನು ಒಂದು ಕೈಯಿಂದ ಬಿಟ್ಟು ಇನ್ನೊಂದರಲ್ಲಿ ಹಿಡಿಯುವ ಆ ವರಸೆಯನ್ನು ಹಿಂದಿನ ಸೀಸನ್ನಿನಲ್ಲಿ ಯೋಧೆ ಬ್ರಿಯೆನ್ ಜೊತೆಗಿನ ಅಭ್ಯಾಸದಲ್ಲೇ ತೋರಿಸಿದ್ದರು. ಬೆತ್ತದ ಏಟು, ಕುರುಡುತನ, ಭಿಕ್ಷೆ ಎಲ್ಲವನ್ನೂ ಉಂಡು ಕಲಿತ ವಿದ್ಯೆ ಅದು. ಅವಳನ್ನು ಮೇರಿ ಸ್ಯೂ ಎಂದರೆ ಆ ಪದಕ್ಕೇ ಅರ್ಥ ಉಳಿಯುವುದಿಲ್ಲ.

ನಮ್ಮ ಪಕ್ಕದ ಉದಾಹರಣೆಯೊಂದನ್ನೂ ಹೇಳಿಬಿಡುತ್ತೇನೆ. ತೆಲುಗಿನ ‘ಬಾಹುಬಲಿ’ಯ ಮೊದಲ ಭಾಗದಲ್ಲಿ ಅವಂತಿಕಾ ಕತ್ತಿ ಹಿಡಿದು ಬರುತ್ತಾಳೆ, ದೇವಸೇನೆಯನ್ನು ಬಿಡಿಸುವ ಪಣ ತೊಟ್ಟಿರುತ್ತಾಳೆ, ನಾಯಕ ಆ ಪಣವನ್ನು ತನ್ನ ಹೆಗಲಿಗೆ ಹಾಕಿಕೊಂಡ ಮೇಲೆ ಅವಳಿಗೆ ಕೆಲಸವೇ ಉಳಿಯುವುದಿಲ್ಲ, 2017ರ ಎರಡನೆಯ ಭಾಗದಲ್ಲಿ ಅವಳು ಹುಡುಕಿದರೆ ಕಾಣುವಷ್ಟೇ. ಸಂಕೋಲೆ ಹಾಕಿಸಿಕೊಂಡು ಇಪ್ಪತ್ತೈದು ವರ್ಷ ಅಂಗಳದಲ್ಲಿ ಕೂತ ದೇವಸೇನೆಯ ಕೈಯಲ್ಲಿ ಆಗ ಕತ್ತಿಯಿಲ್ಲ. ಶತ್ರುವಿನ ಚಿತೆಗೆಂದು ಅವಳು ಒಂದೊಂದೇ ಒಣಕಡ್ಡಿ ಆಯ್ದು ಇಡುತ್ತಾಳೆ. ಚಿತ್ರಮಂದಿರದಿಂದ ಹೊರಬಂದವರು ಯಾರನ್ನು ನೆನೆಯುತ್ತಿದ್ದರೆಂದು ತಮಗೇ ಗೊತ್ತು.

ಇನ್ನು ಮೊಮ್ಮಗಳ ವಿಚಾರ. ರಿಪ್ಲಿ, ಸಾರಾ ಇನ್ನು ಮೂರ್ನಾಲ್ಕು ವರ್ಷ ಕಾಯಲಿ. ‘ವಂಡರ್ ವುಮನ್’ ತೋರಿಸಬಹುದು. ಎಲ್ಲರೂ ಆಗದು ಎಂದ ಮೇಲೆ ನಾಯಕಿ ಡಯಾನಾ ಯುದ್ಧಭೂಮಿಯ ಕಂದಕದ ಏಣಿ ಹತ್ತುವ ದೃಶ್ಯದವರೆಗೆ ಚಿತ್ರ ಚೆನ್ನಾಗಿದೆ, ಕೊನೆಯ ಕಾಳಗದ ಹೊತ್ತಿಗೆ ತಾವು ಕಾಫಿ ಮಾಡಲು ಎದ್ದು ಹೋದರೂ ನಷ್ಟವಿಲ್ಲ. ಅದಕ್ಕೂ ಮೊದಲು, ಸೂಪರ್‌ಹೀರೋ ಅಲ್ಲದಿದ್ದರೂ, ಜಪಾನಿನ ಮಿಯಾಝಾಕಿ ಅವರ 2001ರ ಅನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ ಹಾಕಿ. ಹತ್ತು ವರ್ಷದ ಚಿಹಿರೊ ದೆವ್ವಗಳ ಸ್ನಾನಗೃಹದಲ್ಲಿ ನೆಲ ಒರೆಸಿ, ತೊಟ್ಟಿ ತಿಕ್ಕಿ, ತನ್ನ ಹೆಸರನ್ನೂ ಅಪ್ಪ ಅಮ್ಮನನ್ನೂ ಉಳಿಸಿಕೊಳ್ಳುತ್ತಾಳೆ. ಮೊದಲಿಗೆ ಕತ್ತಲ ಸುರಂಗ ಹೊಕ್ಕಾಗ ಅವಳು ಅಮ್ಮನ ತೋಳಿಗೆ ಜೋತುಬಿದ್ದಿರುತ್ತಾಳೆ. ಎಲ್ಲ ಮುಗಿದು ಅದೇ ಸುರಂಗದಲ್ಲಿ ಮರಳುವಾಗಲೂ ಹಾಗೆಯೇ ಜೋತುಬಿದ್ದಿರುತ್ತಾಳೆ. ಹಾಗಾದರೆ ಈ ಹುಡುಗಿ ಬದಲಾದಳೋ ಇಲ್ಲವೋ ಎಂದು ಮೊಮ್ಮಗಳನ್ನೇ ಕೇಳಿ ನೋಡಿ. ಅವಳ ಉತ್ತರವನ್ನು ತಾವು ತಿದ್ದದೆ ಬರೆದು ಕಳಿಸಿದರೆ ನಾನೂ ತಿದ್ದದೆ ಅಚ್ಚು ಹಾಕುತ್ತೇನೆ.

– ಸಂಪಾದಕ