ಪ್ರಾರ್ಥನೆಯೇ ಬಾಯಿಗೆ ಬರದ ದಿನಗಳಲ್ಲಿ ನಂಬಿಕೆಯನ್ನು ಬಲಪಡಿಸಿಕೊಳ್ಳುವುದು ಹೇಗೆ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೆಂಗಳೂರಿನ ಕೆಲಸ ಹೋಗಿದೆ, ಊರಿನಲ್ಲಿ ತಂದೆಗೆ ಬರುವ ಗುರುವಾರ ಹೃದಯದ ಶಸ್ತ್ರಚಿಕಿತ್ಸೆ, ಮೊಣಕಾಲೂರಿದರೆ ಒಂದು ಮಾತೂ ಹೊರಡುವುದಿಲ್ಲ. ಇದರ ಮೇಲೆ ಬಂಧುಗಳು ‘ನಿನಗೆ ನಂಬಿಕೆ ಸಾಲದು, ಅದಕ್ಕೇ ಹೀಗಾಗುತ್ತಿದೆ’ ಎನ್ನುತ್ತಿದ್ದಾರೆ.

ಮೊದಲು ಆ ಬಂಧುಗಳ ಮಾತನ್ನು ಬದಿಗಿಡಿ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೋಬ ಎಂಬವನು ಎಲ್ಲವನ್ನೂ ಕಳೆದುಕೊಂಡಾಗ ಗೆಳೆಯರು ಅವನ ಜೊತೆ ಏಳು ದಿನ, ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅಷ್ಟು ಹೊತ್ತು ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ‘ಇದು ನಿನ್ನ ತಪ್ಪಿನ ಫಲ’ ಎಂದು ವಾದಿಸತೊಡಗಿದ ಮೇಲೆ ಎಲ್ಲ ಕೆಟ್ಟಿತು. ದೇವರು ಯೋಬನನ್ನೂ ಗದರಿದ್ದುಂಟು. ಆದರೆ ಕೊನೆಯಲ್ಲಿ ದೇವರ ಕೋಪ ಉರಿದದ್ದು ಆ ಗೆಳೆಯರ ಮೇಲೆ. ನಿಮ್ಮ ಕಷ್ಟವನ್ನು ನಿಮ್ಮ ನಂಬಿಕೆಯ ಅಳತೆಗೋಲು ಮಾಡುವ ಹಕ್ಕು ಯಾರಿಗೂ ಇಲ್ಲ. ಕಾಣಿಕೆ ಕೊಟ್ಟರೆ ಬಿಡುಗಡೆ ಸಿಗುತ್ತದೆ ಎಂದು ಯಾರಾದರೂ ಫೋನ್ ಮಾಡಿದರೆ ಅಂಥವರನ್ನು ಹತ್ತಿರ ಸೇರಿಸಬೇಡಿ. ಆಸ್ಪತ್ರೆಗೆಂದು ಕೂಡಿಟ್ಟ ಹಣ ಆಸ್ಪತ್ರೆಗೇ ಇರಲಿ.

ಇನ್ನು ನನ್ನ ಕಥೆ. ನಾನು ಮಂಗಳೂರಿನವಳು. 2020ರಲ್ಲಿ ನನ್ನ ಯಜಮಾನರು ಕುವೈತ್‌ನಲ್ಲಿದ್ದರು. ಸಂಬಳ ನಿಂತಿತು, ಬರಲು ವಿಮಾನವಿರಲಿಲ್ಲ. ಅವರು ಕೈಬೀಸಿಕೊಂಡು ಬಂದು ಮನೆ ಸೇರಿದ ಮರುವರ್ಷ ಅತ್ತೆ ಕೋವಿಡ್‌ನಲ್ಲಿ ತೀರಿಕೊಂಡರು. ನಲವತ್ತು ವರ್ಷ ಚರ್ಚಿನ ಸಭೆಯಲ್ಲಿ ಹಾಡಿದ ಅವರನ್ನು ಮಣ್ಣು ಮಾಡುವಾಗ ನಾವು ಇದ್ದದ್ದು ಐದೇ ಜನ, ಒಂದು ಗೀತೆ ಹಾಡುವುದಕ್ಕೂ ಗಂಟಲು ಬರಲಿಲ್ಲ. ಅದಾದ ಮೇಲೆ ಎಂಟು ತಿಂಗಳು ನಾನು ಪ್ರಾರ್ಥಿಸಲಿಲ್ಲ. ದೇವರಿಲ್ಲ ಎಂದು ಅನ್ನಿಸಿದ್ದಲ್ಲ. ಇದ್ದಾನೆ, ಆದರೆ ನನಗೂ ಅವನಿಗೂ ಮಾತು ಬಿಟ್ಟುಹೋಗಿದೆ ಎನ್ನುವ ಹಾಗಿತ್ತು.

ಆಗ ನಮ್ಮ ಸಭೆಯ ಒಬ್ಬ ಆಂಟಿ ಪ್ರತಿದಿನ ಸಂಜೆ ಏಳಕ್ಕೆ ಫೋನ್ ಮಾಡಲು ಶುರುಮಾಡಿದರು. ಹೇಗಿದ್ದೀ ಎಂದು ಕೇಳುತ್ತಿರಲಿಲ್ಲ, ಬುದ್ಧಿವಾದ ಹೇಳುತ್ತಿರಲಿಲ್ಲ. ‘ಕೇಳಿಸುತ್ತದೆಯಾ ಮಗಳೇ?’ ಎಂದು ಕೇಳಿ ಸತ್ಯವೇದದ ಕೀರ್ತನೆಗಳಲ್ಲಿ ಒಂದನ್ನು ಓದುವರು. ಅದೇ ಹೊತ್ತಿಗೆ ಅವರ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಕೂಗಿ ಮುಗಿಯುವವರೆಗೆ ಸುಮ್ಮನಿದ್ದು, ನಿಲ್ಲಿಸಿದ ವಚನವನ್ನು ಮತ್ತೆ ಮೊದಲಿನಿಂದ ಓದುವರು. ಕೊನೆಗೆ ನಾನು ‘ಆಮೆನ್’ ಎನ್ನಬೇಕು, ಅಷ್ಟೇ. ಮೊದಮೊದಲು ಆ ಆಮೆನ್ ಬರಿಯ ಬಾಯಿಮಾತು. ಅವರಿಗೆ ಅದು ಗೊತ್ತಿತ್ತು, ಆದರೂ ಫೋನ್ ನಿಲ್ಲಲಿಲ್ಲ.

ಒಂದು ಸಂಜೆ ಅವರು 88ನೇ ಕೀರ್ತನೆ ಓದಿದರು. ಅದನ್ನು ನಾನು ಗಮನವಿಟ್ಟು ಕೇಳಿಯೇ ಇರಲಿಲ್ಲ. ಉಳಿದ ಎಷ್ಟೋ ಕೀರ್ತನೆಗಳು ಅಳುವಿನಲ್ಲಿ ಶುರುವಾಗಿ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಯಾರೂ ಕಿತ್ತುಹಾಕದೆ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳಾಟವೇ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ‘ಏಲೀ, ಏಲೀ’ (ನನ್ನ ದೇವರೇ, ನನ್ನ ದೇವರೇ) ಎಂದು ಹೊರಟದ್ದೂ 22ನೇ ಕೀರ್ತನೆಯ ಮೊದಲ ಮಾತು, ಯಾಕೆ ನನ್ನನ್ನು ಕೈಬಿಟ್ಟೆ ಎಂಬ ಕೂಗು. ಆ ರಾತ್ರಿ ನನಗೆ ದೇವರ ಮೇಲೆ ಬಾಯಿಬಿಟ್ಟು ಸಿಟ್ಟು ಮಾಡಲು ಸಾಧ್ಯವಾಯಿತು. ಎಂಟು ತಿಂಗಳಲ್ಲಿ ಅದೇ ನನ್ನ ಮೊದಲ ಪ್ರಾರ್ಥನೆ.

ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಪಾರ್ಶ್ವವಾಯು ಬಡಿದವನನ್ನು ಹಾಸಿಗೆ ಸಮೇತ ಹೊತ್ತು ತಂದು, ಜನಜಂಗುಳಿಯಲ್ಲಿ ದಾರಿ ಸಿಗದೆ, ಚಾವಣಿ ತೆಗೆದು ಯೇಸುವಿನ ಮುಂದೆ ಇಳಿಸಿದವರ ಕಥೆ ನಿಮಗೆ ಗೊತ್ತಿರುತ್ತದೆ. ಹೊತ್ತವರು ನಾಲ್ವರು ಎನ್ನುತ್ತಾನೆ ಸುವಾರ್ತೆ ಬರೆದ ಮಾರ್ಕ. ಹಂಚುಗಳ ಸಂದಿನಿಂದ ಇಳಿಸಿದರು ಎನ್ನುತ್ತಾನೆ ಇನ್ನೊಬ್ಬ ಸುವಾರ್ತೆಗಾರ ಲೂಕ. ಹಂಚಿನ ಊರಿನವಳಾದ ನನಗೆ ಆ ಮಾತು ಬಹಳ ಹತ್ತಿರ. ಒಂದೊಂದೇ ಹಂಚು ಎತ್ತಿ ಪಕ್ಕಕ್ಕಿಡುವುದು, ಧೂಳು ಕೆಳಗಿದ್ದವರ ತಲೆಯ ಮೇಲೆ ಉದುರುವುದು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಯೇಸು ‘ಅವರ’ ನಂಬಿಕೆಯನ್ನು ನೋಡಿದನು ಎಂದು ಬರೆದಿದೆ. ಮಲಗಿದ್ದವನು ಏನು ನಂಬಿದ್ದನೋ, ಅವನ ಬಾಯಿಂದ ಒಂದು ಮಾತೂ ಅಲ್ಲಿ ಬರೆದಿಲ್ಲ. ನೀವೀಗ ಆ ಹಾಸಿಗೆಯಲ್ಲಿದ್ದೀರಿ. ನಂಬಿಕೆಯನ್ನು ಒಬ್ಬರೇ ಹೊರಬೇಕಾದ ಹೊತ್ತು ಇದಲ್ಲ. ಹೊರಲು ನಾಲ್ವರನ್ನು ಹುಡುಕಿ.

ಹಂಚಿನ ಮಾತು ಬಂತಲ್ಲ, ನಮ್ಮ ಹಿರಿಯರದ್ದೂ ಹೀಗೇ ಆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಯುರೋಪಿನ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಕೂಡಲೇ ಮನೆಯೂ ಕಸುಬೂ ಕೈತಪ್ಪಿದವರಿಗೆ ದುಡಿದು ಉಣ್ಣುವ ದಾರಿ ಬೇಕಿತ್ತು. ನನ್ನ ಮುತ್ತಜ್ಜ ಮಂಗಳೂರಿನ ಜೆಪ್ಪುವಿನಲ್ಲಿ ಆ ಹಂಚು ಒತ್ತಿದವರು. 1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳನ್ನೂ ವಶಪಡಿಸಿಕೊಂಡಿತು. ಒಮ್ಮೆ ಮನೆ ಕಳೆದುಕೊಂಡವರ ಮಕ್ಕಳು ಈಗ ಆಸರೆ ಕೊಟ್ಟವರನ್ನೂ ಕಳೆದುಕೊಂಡರು. ಆದರೂ ಸಭೆಗಳು ಮುಚ್ಚಲಿಲ್ಲ. ಇಲ್ಲಿಯವರೇ ಆದ ಸಭಾಪಾಲಕರು, ಉಪದೇಶಿಗಳು ಆರಾಧನೆ ನಡೆಸಿದರು. ಆ ಜನರೆಲ್ಲರಿಗೂ ಪ್ರತಿ ಭಾನುವಾರ ಗಟ್ಟಿ ನಂಬಿಕೆ ಇತ್ತು ಎಂದು ನನಗನ್ನಿಸುವುದಿಲ್ಲ. ಒಬ್ಬರ ಎದೆ ಕುಸಿದ ವಾರ ಇನ್ನೊಬ್ಬರು ಗೀತೆ ಎತ್ತಿಕೊಂಡಿರಬೇಕು.

ಆದ್ದರಿಂದ ಈ ವಾರ ಇಷ್ಟು ಮಾಡಿ. ಸಭಾಪಾಲಕರಿಗೆ ಫೋನ್ ಮಾಡಿ ‘ನನಗೆ ಪ್ರಾರ್ಥಿಸಲು ಆಗುತ್ತಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಂದೆಗಾಗಿ ಪ್ರಾರ್ಥಿಸಿ ಎಂದಷ್ಟೇ ಹೇಳಿ ನಿಮ್ಮನ್ನು ಮರೆಮಾಡಿಕೊಳ್ಳಬೇಡಿ. ಭಾನುವಾರ ಹೋಗಿ ಕೊನೆಯ ಬೆಂಚಿನಲ್ಲಾದರೂ ಕುಳಿತುಕೊಳ್ಳಿ. ಹಾಡಲಾಗದಿದ್ದರೆ ಪಕ್ಕದವರ ದನಿ ಕೇಳಿ. ರಾತ್ರಿಗಳು ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ ವೈದ್ಯರನ್ನೂ ಕಾಣಿ, ನಾನೂ ಕಂಡಿದ್ದೆ. ಅದರಿಂದ ನಂಬಿಕೆಗೆ ಯಾವ ಕುಂದೂ ಬರುವುದಿಲ್ಲ.

ಒಬ್ಬರೇ ಇರುವಾಗ 13ನೇ ಕೀರ್ತನೆಯನ್ನು ದನಿ ತೆಗೆದು ಓದಿ, ಮನಸ್ಸಿನಲ್ಲಿ ಬೇಡ. ಆರೇ ವಚನ. ‘ಎಷ್ಟರವರೆಗೆ’ ಎಂಬ ಪ್ರಶ್ನೆ ಅದರಲ್ಲಿ ನಾಲ್ಕು ಸಲ ಬರುತ್ತದೆ, ಉತ್ತರ ಒಂದು ಸಲವೂ ಬರುವುದಿಲ್ಲ. ಕೊನೆಯ ಎರಡು ವಚನಗಳ ಭರವಸೆಯ ಮಾತು ನಿಮ್ಮ ಬಾಯಿಗೆ ಬರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ. ಉಳಿದದ್ದನ್ನು ನಾನು ಓದುತ್ತೇನೆ. ಇವತ್ತಿನಿಂದ ಗುರುವಾರದವರೆಗೆ, ಸಂಜೆ ಏಳಕ್ಕೆ, ನಿಮ್ಮ ತಂದೆಯನ್ನು ನೆನೆದು. ಶಸ್ತ್ರಚಿಕಿತ್ಸೆ ಆದ ಮೇಲೆ ಸಾಧ್ಯವಾದರೆ ಇಲ್ಲಿ ಒಂದು ಸಾಲು ಬರೆಯಿರಿ.