ಕೈತೋಟ ಪ್ರಶ್ನೋತ್ತರ: ಸೇವಂತಿಗೆಗೆ ಕತ್ತಲು ಬೇಕು

ಪ್ರಶ್ನೆ: ಶರತ್ಕಾಲಕ್ಕೆ ಎಲೆ ಕೆಂಪಾಗುವ ಮೇಪಲ್ ಸಸಿಯನ್ನು ಮೈಸೂರಿನ ಮನೆ ಮುಂದೆ ನೆಡಬಹುದೇ?
– ಓದುಗರು, ವಿಜಯನಗರ, ಮೈಸೂರು

ದುಡ್ಡು ಉಳಿಸಿಕೊಳ್ಳಿ. ಗಿಡ ಸಾಯದೆ ಉಳಿದರೂ ಆ ಬಣ್ಣ ಬರುವುದಿಲ್ಲ. ಪತ್ರಹರಿತ್ತು ಕರಗಿ ಒಳಗಿನ ಹಳದಿ ಕಾಣಿಸಿಕೊಳ್ಳಬೇಕು, ಕೆಂಪು ಹೊಸದಾಗಿ ಕೂಡಬೇಕು. ಮೇಪಲ್‌ನಲ್ಲಿ ಇದು ಚೆನ್ನಾಗಿ ನಡೆಯಲು ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ ಎರಡೂ ಇರಬೇಕು. ನಮ್ಮ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15–17 ಡಿಗ್ರಿಗೇ ನಿಂತುಬಿಡುತ್ತದೆ. ಬೇಸಿಗೆಯಲ್ಲಂತೂ ಎಲೆಯಂಚು ಸುಟ್ಟು ಕಂದಾಗುತ್ತದೆ. ಎಲೆ ಕೆಂಪಾಗಿ ಉದುರುವ ನೋಟವೇ ಬೇಕೆಂದರೆ ಕಾಡುಬಾದಾಮಿ ಇದೆ, ಹೊಳೆದಾಸವಾಳ ಇದೆ. ಎರಡೂ ಮಳೆ ನಿಂತ ಮೇಲಿನ ಒಣಹವೆಯಲ್ಲಿ ಬಣ್ಣ ತಿರುಗುತ್ತವೆ, ಸ್ವಲ್ಪ ತಡವಾಗಿ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಕಾಡುಬಾದಾಮಿ ಕೊಡೆಯಂತೆ ಹರಡುತ್ತದೆ, ಗೋಡೆಯಿಂದ 20 ಅಡಿಯಾದರೂ ದೂರವಿರಲಿ. 30x40 ಸೈಟಿಗೆ ಹೊಳೆದಾಸವಾಳವೇ ಸರಿ. ಏಪ್ರಿಲ್ ನಂತರದ ನೇರಳೆ ಹೂವು ಅದರ ಮೇಲಿನ ಲಾಭ.

ಪ್ರಶ್ನೆ: ನಾಲ್ಕು ಕುಂಡ ಸೇವಂತಿಗೆ ಸೊಂಪಾಗಿ ಬೆಳೆದಿದೆ. ನವೆಂಬರ್ ಕಳೆಯುತ್ತಾ ಬಂದರೂ ಮೊಗ್ಗಿಲ್ಲ. ಹಿತ್ತಲಿನಲ್ಲಿಟ್ಟ ಒಂದೇ ಕುಂಡ ಮಾತ್ರ ಹೂಬಿಟ್ಟಿದೆ. ಗೊಬ್ಬರ ಸಾಲದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ ನಿಮ್ಮ ಹಿತ್ತಲಲ್ಲೇ ಇದೆ. ಮನೆ ಮುಂದಿನ ಕುಂಡಗಳ ಮೇಲೆ ಬೀದಿದೀಪವೋ ಗೇಟಿನ ದೀಪವೋ ರಾತ್ರಿಯಿಡೀ ಬೀಳುತ್ತಿರಬೇಕು. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾಗುವುದನ್ನು ನೋಡಿಕೊಂಡು. ಮೈಸೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ಗಿಡಕ್ಕೆ ಸಿಗುವ ಸುಳಿವೇ ಇಷ್ಟು ಸಣ್ಣದು. ಅದನ್ನೂ ದೀಪ ಅಳಿಸಿಹಾಕಿದರೆ, ಅದರ ಲೆಕ್ಕದಲ್ಲಿ ಇನ್ನೂ ಜೂನ್ ತಿಂಗಳೇ.

ಸುಲಭದ ದಾರಿ, ಸೆಪ್ಟೆಂಬರ್ ಕೊನೆಗೇ ಕುಂಡಗಳನ್ನು ಕತ್ತಲ ಜಾಗಕ್ಕೆ ಸರಿಸುವುದು. ಹಗಲು ಐದಾರು ಗಂಟೆ ಬಿಸಿಲು ಬೀಳುವ ಜಾಗವೇ ಆಗಿರಲಿ. ಸರಿಸಲಾಗದಿದ್ದರೆ ಸಂಜೆ 6ರಿಂದ ಬೆಳಗ್ಗೆ 8ರವರೆಗೆ ಎರಡು ಪದರ ಕಪ್ಪು ಹತ್ತಿಬಟ್ಟೆ ಹೊದಿಸಿ, ಮೊಗ್ಗು ಕಣ್ಣಿಗೆ ಕಾಣುವವರೆಗೆ, ಅಂದರೆ ಐದಾರು ವಾರ, ಒಂದು ದಿನವೂ ತಪ್ಪಿಸದೆ. ಪ್ಲಾಸ್ಟಿಕ್ ಹಾಳೆ ಬೇಡ: ಒಳಗೆ ಕಾವು, ತೇವ ಸೇರಿ ಎಲೆ ಕೊಳೆಯುತ್ತದೆ. ಈ ವರ್ಷವೂ ಕಾಲ ಮೀರಿಲ್ಲ. ಇಂದೇ ಸರಿಸಿದರೆ ಜನವರಿ ಕೊನೆಗೆ ಹೂ ನೋಡಬಹುದು.

ಕುಡಿ ಚಿವುಟುವುದರ ಬಗ್ಗೆಯೂ ಒಂದು ಮಾತು. ನೆಟ್ಟ ನಾಲ್ಕು ವಾರಕ್ಕೆ, ಗಿಡ ಒಂದು ಗೇಣಾದಾಗ, ತುದಿಯ ಒಂದಂಗುಲ ಚಿವುಟಿ. ಮೂರು ವಾರ ಬಿಟ್ಟು ಇನ್ನೊಮ್ಮೆ. ಆಗಸ್ಟ್ ಮುಗಿದ ಮೇಲೆ ಉಗುರು ತಾಗಿಸಬೇಡಿ, ಹೂವಾಗುವ ತುದಿಯನ್ನೇ ಕಿತ್ತಂತಾಗುತ್ತದೆ. ಕುಂಡ 10 ಇಂಚಿನದು, ಕೆಂಪುಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು, ಮರಳು ಒಂದು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಸಾಲದೆಂದು ಯೂರಿಯಾ ಹಾಕಿದ್ದರೆ ನಿಲ್ಲಿಸಿ, ಆ ಸೊಂಪು ಬರೀ ಎಲೆಯದು.

ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್ಸೆಟಿಯಾದ ಹಟವೂ ಇದೇ. ಅದರಲ್ಲಿ ಕೆಂಪಾಗುವುದು ಹೂವಲ್ಲ, ಹೂವಿನ ಸುತ್ತಲಿನ ಎಲೆ. ಇಂಥ ಉದ್ದನೆಯ ರಾತ್ರಿಗತ್ತಲು ಎಂಟು–ಹತ್ತು ವಾರ ಬೇಕು. ಸವರುವಾಗ ಒಸರುವ ಹಾಲು ಕಣ್ಣಿಗೆ ಸಿಡಿಯದಿರಲಿ.

ಪ್ರಶ್ನೆ: ಚೆಂಡುಹೂ ಆಯುಧಪೂಜೆಗೆ ಮೊದಲೇ ಅರಳಿ ಮುಗಿಯುತ್ತದೆ. ಉಳಿದ ಗಿಡಗಳು ನೀರಿದ್ದರೂ ಬಾಡುತ್ತವೆ.
– ಓದುಗರು, ನಾಲೆ ಪಕ್ಕದ ಹಳ್ಳಿ, ಮಂಡ್ಯ ಜಿಲ್ಲೆ

ನೀರಿದ್ದರೂ ಬಾಡುತ್ತಿಲ್ಲ, ನೀರಿರುವುದರಿಂದಲೇ ಬಾಡುತ್ತಿವೆ. ನಾಲೆ ಬಯಲಿನ ಜಿಗುಟು ಮಣ್ಣಿನಲ್ಲಿ ತೇವ ನಿಂತರೆ ಕಾಂಡದ ಬುಡ ಕಪ್ಪಾಗಿ ಕೊಳೆಯುತ್ತದೆ, ಬೇರು ನೀರೆತ್ತುವುದಿಲ್ಲ. ಅಂಥ ಗಿಡ ಚೇತರಿಸಿಕೊಳ್ಳದು, ಬೇರುಸಹಿತ ಕಿತ್ತು ಸುಡಿ. ಮುಂದಿನ ಸಲ 20–25 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ. ಐದು ಕಿಲೋ ಗೊಬ್ಬರಕ್ಕೆ 50 ಗ್ರಾಂ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ, ಒಂದು ವಾರ ನೆರಳಲ್ಲಿ ತೇವವಾಗಿಟ್ಟು ಆಮೇಲೆ ಮಡಿಗೆ ಹಾಕಿ. ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್. ಅಕ್ಟೋಬರ್ ಮಳೆಯಲ್ಲಿ ಗಾಳಿಯಾಡದ ಹೂ ಒಳಗಿಂದಲೇ ಕೊಳೆಯುತ್ತದೆ.

ದಿನದ ಲೆಕ್ಕಕ್ಕೆ ಕ್ಯಾಲೆಂಡರ್ ತೆಗೆಯಿರಿ, ಹಬ್ಬ ವರ್ಷವರ್ಷವೂ ಜರುಗುತ್ತದೆ. ಎತ್ತರದ ದೊಡ್ಡ ಹೂವಿನ ತಳಿಗೆ ಆಯುಧಪೂಜೆಯಿಂದ ಹಿಂದಕ್ಕೆ ಸುಮಾರು 100 ದಿನ ಎಣಿಸಿ ಬಿತ್ತಿ: ಸಸಿಗೆ 25–30 ದಿನ, ನೆಟ್ಟ ಮೇಲೆ ಹೂವಿಗೆ ಸುಮಾರು 60 ದಿನ, ಕುಡಿ ಚಿವುಟಿದ್ದಕ್ಕೆ ಹತ್ತು ದಿನ. ಗಿಡ್ಡ ತಳಿಗೆ 70–75 ದಿನ ಸಾಕು. ಎರಡನ್ನೂ ಒಂದೇ ದಿನ ಬಿತ್ತಿದರೆ ಗಿಡ್ಡದ್ದು ಹಬ್ಬಕ್ಕೆ ಮುಂಚೆಯೇ ಮುಗಿಯುತ್ತದೆ. ನಿಮ್ಮದು ಅದೇ ಇರಬಹುದು.

ಪ್ರಶ್ನೆ: ಪೋರ್ಟಿಕೋದಲ್ಲಿಟ್ಟ ಕ್ರೋಟನ್ ಹಸಿರಾಗಿಬಿಟ್ಟಿತು.
– ಓದುಗರು, ಮದ್ದೂರು

ಬೆಳಕು ಸಾಲದು. ನಾಲ್ಕೈದು ಗಂಟೆ ಬಿಸಿಲು ಬೀಳುವ ಕಡೆಗೆ ಒಯ್ಯಿರಿ, ಆದರೆ ಹತ್ತು ದಿನದಲ್ಲಿ ಮೆಲ್ಲಗೆ. ಒಮ್ಮೆಲೇ ಸರಿಸಿದರೆ ಎಲೆ ಉದುರಿಸಿಕೊಳ್ಳುತ್ತದೆ. ಹಸಿರಾದ ಹಳೆಯ ಎಲೆಗಿಂತ ಹೊಸ ಚಿಗುರಿನಲ್ಲೇ ಬಣ್ಣ ಚೆನ್ನಾಗಿ ಮೂಡುವುದು. ಅಷ್ಟು ಬಿಸಿಲು ಬೀಳದ ಮನೆಯಾದರೆ ಬಣ್ಣದೆಲೆಯ ಕೊಲಿಯಸ್ ಇಡಿ, ಬೆಳಗಿನ ಎಳೆಬಿಸಿಲು ಅದಕ್ಕೆ ಸಾಕು. ಹೂಗೊನೆ ಕಂಡ ತಕ್ಷಣ ಚಿವುಟುತ್ತಿರಿ.